₹16 ಕೋಟಿಯ ಕಾಡು, ₹125 ಕೋಟಿಯ ಕಾಡು

2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ‘ಕಾಂತಾರ’ದ ಹೆಸರಿನಲ್ಲಿ ಯಾವ ಅಂಕಿಯೂ ಇರಲಿಲ್ಲ. ಮೂರು ವರ್ಷ ಕಳೆದು, 2025ರ ಅಕ್ಟೋಬರ್ 2ರಂದು ಬಂದ ಚಿತ್ರದ ಹೆಸರು ‘ಕಾಂತಾರ: ಅಧ್ಯಾಯ 1’. ಎರಡನೆಯದಾಗಿ ಬಂದದ್ದು ಒಂದನೆಯದು ಹೇಗಾಯಿತು ಎಂಬ ಗೊಂದಲದೊಂದಿಗೇ ಪ್ರೇಕ್ಷಕರು ಚಿತ್ರಮಂದಿರದ ಒಳಗೆ ಹೋದರು. ಹೊರಗೆ ಬಂದಾಗ ಇನ್ನೊಂದು ಗೊಂದಲ ಕಾದಿತ್ತು. ಹೊಸ ಚಿತ್ರ ₹850 ಕೋಟಿ ಮೀರಿ ಗಳಿಸಿತು ಎಂದು ಒಂದು ಸುದ್ದಿ; ಹಳೆಯದರ ಲಾಭದ ಮುಂದೆ ಇದು ಏನೂ ಅಲ್ಲ ಎಂದು ಅದರ ಪಕ್ಕದಲ್ಲೇ ಇನ್ನೊಂದು. ಎರಡೂ ನಿಜವಾಗಿರಲು ಸಾಧ್ಯವೇ? ಸಾಧ್ಯ. ಅದು ಹೇಗೆ ಎಂದು ನೋಡಲು ಹೊರಟರೆ, ಎರಡು ಚಿತ್ರಗಳು ಪರದೆಯ ಮೇಲೆ ಅಷ್ಟೊಂದು ಬೇರೆಯಾಗಿ ಕಾಣುವುದಕ್ಕೂ ಕಾರಣ ಸಿಗುತ್ತದೆ.

ಹಿಂದಕ್ಕೆ ಹೋಗದೆ ದಾರಿಯಿರಲಿಲ್ಲ

ಮೊದಲ ಚಿತ್ರದ ಕಥೆ ಮೂರು ಕಾಲಗಳಲ್ಲಿ ನಡೆಯುತ್ತದೆ. 1847ರಲ್ಲಿ ನೆಮ್ಮದಿ ಹುಡುಕಿಕೊಂಡು ಹೊರಟ ಅರಸನೊಬ್ಬ ಕಾಡಿನ ಜನರ ದೈವವನ್ನು ಪಡೆದು, ಅದಕ್ಕೆ ಬದಲಾಗಿ ಭೂಮಿ ಕೊಡುತ್ತಾನೆ. 1970ರಲ್ಲಿ ಅವನ ವಂಶಸ್ಥ ಆ ಭೂಮಿಯನ್ನು ಮರಳಿ ಕೇಳುತ್ತಾನೆ. 1990ರಲ್ಲಿ ಕಂಬಳದ ಓಟಗಾರ ಶಿವ, ಊರಿನ ಧಣಿ ಮತ್ತು ಅರಣ್ಯ ಅಧಿಕಾರಿಯ ನಡುವೆ ಸಿಕ್ಕಿಕೊಳ್ಳುತ್ತಾನೆ. ಕೊನೆಯಲ್ಲಿ ಶಿವ, ತಂದೆಯ ಹಾಗೆಯೇ ಕಾಡಿನಲ್ಲಿ ಮಾಯವಾಗುತ್ತಾನೆ.

ನಾಯಕನೇ ಮಾಯವಾದ ಮೇಲೆ ಕಥೆಯನ್ನು ಮುಂದಕ್ಕೆ ಒಯ್ಯುವುದು ಕಷ್ಟ. ಅವನನ್ನು ವಾಪಸು ಕರೆತಂದರೆ ಆ ಅಂತ್ಯದ ಬೆಲೆಯೇ ಹೋಗುತ್ತದೆ. ಹಾಗಾಗಿ ನಿರ್ದೇಶಕ ರಿಷಬ್ ಶೆಟ್ಟಿ ಕಥೆಯನ್ನು ಹಿಂದಕ್ಕೆ, ಕದಂಬರ ಕಾಲಕ್ಕೆ ಒಯ್ದರು. ಬಂಗ್ರ ಎಂಬ ಅರಸುಮನೆತನ, ಬಂದರಿನ ಸಂಬಾರ ವ್ಯಾಪಾರ, ಕಾಡಿನ ಜನರ ನಾಯಕ ಬೆರ್ಮೆ. ಕಾಲದ ಲೆಕ್ಕದಲ್ಲಿ ಇದು ಮೊದಲು ನಡೆದದ್ದು, ಆದ್ದರಿಂದ ‘ಅಧ್ಯಾಯ 1’. ಸಿನಿಮಾದವರು ಇದಕ್ಕೆ ಪ್ರೀಕ್ವೆಲ್ ಎನ್ನುತ್ತಾರೆ: ಆಮೇಲೆ ತಯಾರಾದ, ಮೊದಲು ನಡೆದ ಕಥೆ.

ಪ್ರೀಕ್ವೆಲ್ ಸಾಮಾನ್ಯವಾಗಿ ಅಗ್ಗದ ದಾರಿ

ಹಾಲಿವುಡ್‌ನಲ್ಲಿ, ಅದರಲ್ಲೂ ಹೊಡೆದಾಟದ ಚಿತ್ರಗಳಲ್ಲಿ, ಪ್ರೀಕ್ವೆಲ್ ಬಹಳ ಸಲ ಖರ್ಚು ಉಳಿಸುವ ಉಪಾಯ. 2008ರ ‘ಡೆತ್ ರೇಸ್’ ಜೇಸನ್ ಸ್ಟೇಥಮ್ ನಾಯಕನಾಗಿದ್ದ, ಸುಮಾರು 4.5 ಕೋಟಿ ಡಾಲರ್ ವೆಚ್ಚದ ಚಿತ್ರ. ಎರಡು ವರ್ಷಗಳ ನಂತರ ಬಂದ ‘ಡೆತ್ ರೇಸ್ 2’ ಹೆಸರಿಗೆ ಎರಡು, ಕಥೆಯಲ್ಲಿ ಮೊದಲು. ಅದರಲ್ಲಿ ಸ್ಟೇಥಮ್ ಇಲ್ಲ, ಲ್ಯೂಕ್ ಗಾಸ್ ಇದ್ದಾರೆ. ಮೂಲದ ಖರ್ಚಿನ ಸಣ್ಣದೊಂದು ಪಾಲಿನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಚಿತ್ರೀಕರಿಸಿ, ಚಿತ್ರಮಂದಿರದ ಗೊಡವೆಯಿಲ್ಲದೆ ನೇರವಾಗಿ ಡಿಸ್ಕ್ ಮಾರುಕಟ್ಟೆಗೆ ಬಿಟ್ಟರು.

ಇಲ್ಲಿ ಪ್ರೀಕ್ವೆಲ್ ಮಾಡಿಕೊಟ್ಟ ಅನುಕೂಲವನ್ನು ಗಮನಿಸಬೇಕು. ಮೂಲದಲ್ಲಿ ಸ್ಟೇಥಮ್‌ನ ಪಾತ್ರ ಕಾರ್ ರೇಸಿನ ಮುಖವಾಡದ ಚಾಲಕನೊಬ್ಬನ ಜಾಗಕ್ಕೆ ಬರುತ್ತದೆ. ಪ್ರೀಕ್ವೆಲ್ ಆ ಮೊದಲ ಮುಖವಾಡದವನ ಕಥೆ ಹೇಳುತ್ತದೆ. ಕಥೆ ಹಿಂದಕ್ಕೆ ಸರಿದ ಕಾರಣ ದುಬಾರಿ ತಾರೆಯ ಅಗತ್ಯವೇ ಬೀಳಲಿಲ್ಲ. ಹೆಸರಿನ ಆಕರ್ಷಣೆ ಉಳಿಯಿತು, ಸಂಭಾವನೆ ಉಳಿತಾಯವಾಯಿತು.

‘ಕಾಂತಾರ’ದಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಮೊದಲ ಚಿತ್ರದ ವೆಚ್ಚ ಸುಮಾರು ₹16 ಕೋಟಿ ಎಂದೂ ಪ್ರೀಕ್ವೆಲ್‌ನ ವೆಚ್ಚ ಸುಮಾರು ₹125 ಕೋಟಿ ಎಂದೂ ವರದಿಗಳಿವೆ. (ಚಿತ್ರರಂಗದಲ್ಲಿ ಖರ್ಚಿನ ಪುಸ್ತಕವನ್ನು ಯಾರೂ ಹೊರಗಿಡುವುದಿಲ್ಲ, ಈ ಅಂಕಿಗಳನ್ನು ಅಂದಾಜು ಎಂದೇ ಓದಿಕೊಳ್ಳಬೇಕು.) ಇಲ್ಲಿ ಬರೆದವರು, ನಿರ್ದೇಶಿಸಿದವರು, ನಟಿಸಿದವರು ಒಬ್ಬರೇ. ಆದ್ದರಿಂದ ಪಾತ್ರ ಬದಲಾದರೂ ತಾರೆ ಬದಲಾಗಲಿಲ್ಲ. 1990ರ ಹಳ್ಳಿಗೆ ಹಂಚಿನ ಮನೆಯೂ ಕೆಸರುಗದ್ದೆಯೂ ಸಾಕಾಗುತ್ತಿದ್ದವು, ಅವು ರಿಷಬ್ ಅವರ ಹುಟ್ಟೂರು ಕುಂದಾಪುರದ ಕೆರಾಡಿಯಲ್ಲೇ ಸಿಕ್ಕವು. ಕದಂಬರ ಕಾಲದ ಅರಮನೆ, ರಥ, ಸೈನ್ಯ ಯಾವ ಊರಿನಲ್ಲೂ ಸಿಗುವುದಿಲ್ಲ. ಅವನ್ನು ಕಟ್ಟಬೇಕು, ಇಲ್ಲವೇ ಕಂಪ್ಯೂಟರ್‌ನಲ್ಲಿ ಸೃಷ್ಟಿಸಬೇಕು.

₹236ರ ಟಿಕೆಟ್ ಯಾರ ಪಾಲಿಗೆ?

ಗಳಿಕೆಯ ಗೊಂದಲಕ್ಕೆ ಬರೋಣ. ಪತ್ರಿಕೆಗಳಲ್ಲಿ ಕಾಣುವ ದೊಡ್ಡ ಅಂಕಿ ‘ಗ್ರಾಸ್’, ಅಂದರೆ ಟಿಕೆಟ್ ಕಿಟಕಿಯಲ್ಲಿ ಬಿದ್ದ ಒಟ್ಟು ಹಣ. ಅದು ನಿರ್ಮಾಪಕರ ಜೇಬಿಗೆ ಬರುವ ಹಣವಲ್ಲ.

₹236 ಕೊಟ್ಟು ಒಂದು ಟಿಕೆಟ್ ಕೊಂಡಿರಿ ಎಂದಿಟ್ಟುಕೊಳ್ಳಿ. ₹100 ಮೀರಿದ ಟಿಕೆಟ್‌ಗೆ ಶೇ 18ರ ಜಿಎಸ್‌ಟಿ ಇದೆ. ₹36 ಅಲ್ಲಿಗೆ ಹೋಯಿತು. ಉಳಿದ ₹200ಕ್ಕೆ ‘ನೆಟ್’ ಎನ್ನುತ್ತಾರೆ. ಮಲ್ಟಿಪ್ಲೆಕ್ಸ್ ಆದರೆ ಅದರಲ್ಲಿ ಸುಮಾರು ಅರ್ಧ ಪ್ರದರ್ಶಕರಿಗೆ. ಏಕಪರದೆ ಚಿತ್ರಮಂದಿರಗಳಲ್ಲಿ ಕೆಲವು ಕಡೆ ವಾರದ ಬಾಡಿಗೆ, ಕೆಲವು ಕಡೆ ಶೇಕಡಾವಾರು. ಹೆಚ್ಚುಕಡಿಮೆ ₹100 ವಿತರಕ ಮತ್ತು ನಿರ್ಮಾಪಕರ ಕಡೆಗೆ ಬರುತ್ತದೆ, ಅದೇ ‘ಶೇರ್’. ಅಂದರೆ ನೂರು ರೂಪಾಯಿ ಗ್ರಾಸ್‌ನಲ್ಲಿ ನಿರ್ಮಾಪಕರ ಕಡೆಗೆ ಸೇರುವುದು ಸುಮಾರು ನಲವತ್ತೆರಡು. ಹೊರದೇಶಗಳ ಲೆಕ್ಕ ಬೇರೆ, ವಿತರಕರ ಕಮಿಷನ್ ಬೇರೆ. ಆದರೂ ಅಂದಾಜಿಗೆ ಈ ಅಳತೆ ಸಾಕು.

ಈಗ ಎರಡೂ ಚಿತ್ರಗಳನ್ನು ಇದೇ ಕೋಲಿನಲ್ಲಿ ಅಳೆಯಿರಿ. ಮೊದಲ ‘ಕಾಂತಾರ’ ಜಗತ್ತಿನಾದ್ಯಂತ ಸುಮಾರು ₹400 ಕೋಟಿ ಗಳಿಸಿತು. ಅದರ ನಲವತ್ತೆರಡು ಪಾಲು ₹170 ಕೋಟಿಯ ಆಸುಪಾಸು, ಹಾಕಿದ್ದು ₹16 ಕೋಟಿ. ಹತ್ತು ಪಟ್ಟಿಗೂ ಹೆಚ್ಚು. ಪ್ರೀಕ್ವೆಲ್‌ನ ₹850 ಕೋಟಿಯಲ್ಲಿ ಪಾಲು ₹360 ಕೋಟಿಯ ಆಸುಪಾಸು, ಹಾಕಿದ್ದು ₹125 ಕೋಟಿ. ಮೂರು ಪಟ್ಟಿಗೆ ಸ್ವಲ್ಪ ಕಡಿಮೆ.

ಕೈಗೆ ಉಳಿದ ಹಣ ನೋಡಿದರೆ ಎರಡನೆಯದೇ ಮುಂದು: ₹154 ಕೋಟಿಯ ಎದುರು ₹235 ಕೋಟಿ. ಹಾಕಿದ ಒಂದೊಂದು ರೂಪಾಯಿ ಎಷ್ಟು ದುಡಿಯಿತು ಎಂದು ನೋಡಿದರೆ ಮೊದಲನೆಯದು ಎಷ್ಟೋ ಮುಂದು. ವಾದ ಮಾಡುವ ಇಬ್ಬರೂ ಸರಿ, ಒಬ್ಬರು ಮೊತ್ತ ಹೇಳುತ್ತಿದ್ದಾರೆ, ಇನ್ನೊಬ್ಬರು ಪಟ್ಟು ಹೇಳುತ್ತಿದ್ದಾರೆ.

ಕರ್ನಾಟಕ ಸಾಲದೆ ಹೋದಾಗ

ಇದೇ ಅಳತೆಗೋಲಿನಿಂದ ಇನ್ನೊಂದು ಪ್ರಶ್ನೆ ಕೇಳಿದರೆ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ. ಅಸಲು ಹುಟ್ಟಲು ಎಷ್ಟು ಗ್ರಾಸ್ ಬೇಕು?

₹16 ಕೋಟಿಯ ಚಿತ್ರಕ್ಕೆ ಸುಮಾರು ₹38 ಕೋಟಿ ಸಾಕು. ಜನ ಮೆಚ್ಚಿದರೆ ಅಷ್ಟನ್ನು ಕರ್ನಾಟಕವೊಂದೇ ಕೊಡಬಲ್ಲದು. ₹125 ಕೋಟಿಯ ಚಿತ್ರಕ್ಕೆ ಸುಮಾರು ₹300 ಕೋಟಿ ಬೇಕು. ಪ್ರೀಕ್ವೆಲ್ ಕರ್ನಾಟಕದಲ್ಲಿ ₹250 ಕೋಟಿಯ ಗಡಿ ಮುಟ್ಟಿದ ಮೊದಲ ಚಿತ್ರ ಎಂದು ದಾಖಲೆ ಮಾಡಿತು. ಆ ದಾಖಲೆಯಿಂದ ನಿರ್ಮಾಪಕರಿಗೆ ಬರುವ ಪಾಲು ₹105 ಕೋಟಿಯಷ್ಟೆ. ಅಂದರೆ, ಕನ್ನಡನಾಡು ಹಿಂದೆಂದೂ ಯಾವ ಚಿತ್ರಕ್ಕೂ ಸುರಿಯದಷ್ಟು ಹಣ ಸುರಿದರೂ ಚಿತ್ರಮಂದಿರದ ಲೆಕ್ಕದಲ್ಲಿ ಅಸಲು ಹುಟ್ಟುವುದಿಲ್ಲ!

ಚಿತ್ರಕಥೆಯ ಮೊದಲ ಸಾಲು ಬರೆಯುವ ಮೊದಲೇ ಒಂದು ತೀರ್ಮಾನ ಆಗಿಹೋಗಿರುತ್ತದೆ: ಇದು ಕನ್ನಡ ಬಾರದವರಿಗೂ ರುಚಿಸಬೇಕು. ಮೊದಲ ಚಿತ್ರಕ್ಕೆ ಈ ಒತ್ತಾಯ ಇರಲಿಲ್ಲ. ಅದು ಕನ್ನಡದಲ್ಲಷ್ಟೇ ಬಂತು. ಕುಂದಾಪುರದ ಕನ್ನಡದ ಎಳೆತ ಬೆಂಗಳೂರಿನವರಿಗೇ ಅಲ್ಲಲ್ಲಿ ತೊಡಕಾಯಿತು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಬಾಯಿಮಾತಿನಲ್ಲಿ ಸುದ್ದಿ ಹಬ್ಬಿ, ಎರಡು ವಾರ ಕಳೆದ ಮೇಲೆ ಅಕ್ಟೋಬರ್ 14ರಂದು ಹಿಂದಿ ಅವತರಣಿಕೆ, ಅದರ ಹಿಂದೆಯೇ ತೆಲುಗು, ತಮಿಳು, ಮಲಯಾಳಂ ಬಂದವು. ಪ್ರೀಕ್ವೆಲ್ ಮೊದಲ ದಿನವೇ ಈ ಎಲ್ಲ ಭಾಷೆಗಳಲ್ಲಿ ಇಳಿಯಿತು. ಕರಾವಳಿಯ ಕಥೆ ಊರಿಂದ ಹೊರಗೆ ನಡೆದುಹೋದದ್ದು ಒಂದು ಬಗೆ, ಊರ ಹೊರಗೇ ಸಿದ್ಧವಾಗಿ ನಿಂತದ್ದು ಇನ್ನೊಂದು ಬಗೆ.

ಒಟಿಟಿಯ ವಿಚಿತ್ರ ದಿನಾಂಕಗಳೂ ಇಲ್ಲಿಂದಲೇ ಹುಟ್ಟಿದ್ದು. ಪ್ರೀಕ್ವೆಲ್ ಚಿತ್ರಮಂದಿರಗಳಲ್ಲಿ ಇನ್ನೂ ಓಡುತ್ತಿದ್ದಾಗಲೇ, ಅಕ್ಟೋಬರ್ 31ಕ್ಕೆ, ಅದರ ದಕ್ಷಿಣದ ಭಾಷೆಗಳ ಅವತರಣಿಕೆ ಪ್ರೈಮ್ ವಿಡಿಯೊಗೆ ಬಂತು. ಹಿಂದಿಯದು ಬಂದದ್ದು ನವೆಂಬರ್ 27ಕ್ಕೆ. ಚಿತ್ರಮಂದಿರಕ್ಕೂ ಒಟಿಟಿಗೂ ನಡುವೆ ಎಂಟು ವಾರಗಳ ಅಂತರ ಇಲ್ಲದ ಹಿಂದಿ ಚಿತ್ರಗಳನ್ನು ರಾಷ್ಟ್ರಮಟ್ಟದ ಮಲ್ಟಿಪ್ಲೆಕ್ಸ್ ಸರಪಳಿಗಳು ಹಾಕುವುದಿಲ್ಲ. ದಕ್ಷಿಣದ ಭಾಷೆಗಳಲ್ಲಿ ನಾಲ್ಕು ವಾರದ ರೂಢಿ ಇದೆ. ಅದರ ಫಲವಾಗಿ, ಕನ್ನಡಿಗರಿಗೆ ಮನೆಯಲ್ಲಿ ಸಿಕ್ಕ ಕನ್ನಡ ಚಿತ್ರ ಹಿಂದಿಯವರಿಗೆ ಇನ್ನೂ ಒಂದು ತಿಂಗಳು ಚಿತ್ರಮಂದಿರದಲ್ಲಿ ಮಾತ್ರ ಸಿಗುತ್ತಿತ್ತು.

ಬೆಂಕಿಯ ಬಳೆ, ಓಡುವ ರಥ

ಹಣ ಪರದೆಯ ಮೇಲೆ ಏನು ಮಾಡುತ್ತದೆ? ಎರಡೂ ಚಿತ್ರಗಳಿಂದ ಒಂದೊಂದು ಜಾಗವನ್ನು ಹತ್ತಿರದಿಂದ ನೋಡಬಹುದು.

ಮೊದಲನೆಯದರಲ್ಲಿ, ಅರಸ ಎಷ್ಟು ಭೂಮಿ ಕೊಡಬೇಕು ಎಂಬುದನ್ನು ದೈವ ತನ್ನ ಕೂಗಿನಿಂದ ಅಳೆಯುತ್ತದೆ. ಕೂಗು ಕೇಳಿಸುವಷ್ಟು ದೂರದ ನೆಲ ಜನರದ್ದು. ನಕ್ಷೆಯಿಲ್ಲ, ಗಡಿಕಲ್ಲಿಲ್ಲ, ಒಂದು ಕೂಗು, ಮರಗಳು, ಆಮೇಲಿನ ಮೌನ. 1970ರಲ್ಲಿ ಅರಸನ ವಂಶಸ್ಥ, ಮಾತಾಡುತ್ತಿರುವುದು ದೈವವೋ ನರ್ತಕನೋ ಎಂದು ಕೆಣಕುತ್ತಾನೆ. ದೈವಾರಾಧನೆಯ ನರ್ತನವಾದ ಕೋಲದ ನಡುವೆಯೇ ಪಾತ್ರಿ, ಅಂದರೆ ದೈವ ಮೈದುಂಬುವ ನರ್ತಕನಾದ ಶಿವನ ತಂದೆ, ಕಾಲಿನ ಗಗ್ಗರದ ಸದ್ದಿನೊಂದಿಗೆ ಕಾಡಿಗೆ ಓಡಿ, ಬೆಂಕಿಯ ಬಳೆಯೊಂದರಲ್ಲಿ ಮಾಯವಾಗುತ್ತಾನೆ. ಖರ್ಚಿನ ದೃಷ್ಟಿಯಿಂದ ಇದರಲ್ಲಿ ಇರುವುದು ಕತ್ತಲೆ, ದೀವಟಿಗೆ, ಒಬ್ಬ ನಟ ಮತ್ತು ಧ್ವನಿ. ಏನಾಯಿತು ಎಂದು ಯಾರೂ ಹೇಳುವುದಿಲ್ಲ. ಹೇಳದೆ ಬಿಟ್ಟ ಆ ಜಾಗದಲ್ಲಿ ಶಿವನ ದುಃಸ್ವಪ್ನಗಳು ಬೆಳೆಯುತ್ತವೆ, ಇಡೀ ಚಿತ್ರ ಅದರ ಮೇಲೆ ನಿಲ್ಲುತ್ತದೆ.

ಪ್ರೀಕ್ವೆಲ್‌ನಲ್ಲಿ ಬಂಗ್ರದ ಪೇಟೆಯಲ್ಲಿ ರಥವೊಂದು ಹತೋಟಿ ತಪ್ಪಿ ಓಡುತ್ತದೆ. ಬೀದಿ, ಮಳಿಗೆಗಳು, ಜನ, ಚಕ್ರ, ಎಲ್ಲವೂ ಕಣ್ಣಿಗೆ ಬೀಳುತ್ತವೆ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಎರಡೂ ಚಿತ್ರಗಳಲ್ಲಿದೆ, ಅಜನೀಶ್ ಲೋಕನಾಥ್ ಅವರ ಸಂಗೀತವೂ. ಕುಸುರಿಯಲ್ಲಿ ಕೊರತೆಯಿಲ್ಲ, ರಥದ ದೃಶ್ಯ ಕನ್ನಡ ಸಿನಿಮಾ ಈವರೆಗೆ ತೆಗೆದ ಹೊಡೆದಾಟದ ಸನ್ನಿವೇಶಗಳ ಮುಂದಿನ ಸಾಲಿನಲ್ಲೇ ನಿಲ್ಲುತ್ತದೆ. ಯುದ್ಧದ ಭಾಗಕ್ಕೆ 500ಕ್ಕೂ ಹೆಚ್ಚು ನುರಿತ ಹೊಡೆದಾಟಗಾರರನ್ನೂ ಸುಮಾರು 3,000 ಜನರನ್ನೂ ಬಳಸಿದ್ದಾಗಿ ನಿರ್ಮಾಣ ಸಂಸ್ಥೆಯೇ ಹೇಳಿಕೊಂಡಿತ್ತು. ಆದರೆ ಇಷ್ಟು ಖರ್ಚು ಮಾಡಿ ಕಟ್ಟಿದ್ದನ್ನು ಕತ್ತಲಲ್ಲಿ ಇಡಲು ಯಾವ ನಿರ್ಮಾಪಕರೂ ಒಪ್ಪುವುದಿಲ್ಲ. ಕಟ್ಟಿದ್ದು ಕಾಣಬೇಕು. ಕಾಣಬೇಕಾದರೆ ಬೆಳಕು ಬೇಕು. ಬೆಳಕು ಬಂದಲ್ಲಿ ನಿಗೂಢ ನಿಲ್ಲುವುದಿಲ್ಲ.

ಇದರ ಜತೆಗೆ ಪ್ರೀಕ್ವೆಲ್‌ನ ಸ್ವಭಾವದಲ್ಲೇ ಇರುವ ತೊಡಕು ಸೇರಿಕೊಂಡಿತು. ಮೂಲವನ್ನು ಹೇಳುವುದೇ ಅದರ ಕೆಲಸ. ದೈವ ಎಲ್ಲಿಂದ ಬಂತು, ಕಾಡಿಗೂ ಅರಮನೆಗೂ ಹಗೆ ಹೇಗೆ ಹುಟ್ಟಿತು ಎಂದು ವಿವರಿಸಲೇಬೇಕು. ಪಂಜುರ್ಲಿ, ಗುಳಿಗ ಎಂಬ ದೈವಗಳು ಯಾರು ಎಂದು ಉಡುಪಿಯ ಪ್ರೇಕ್ಷಕನಿಗೆ ಬಿಡಿಸಿ ಹೇಳಬೇಕಿಲ್ಲ. ಇಂದೋರ್‌ನ ಪ್ರೇಕ್ಷಕನಿಗೆ ಹೇಳಬೇಕು. ಕಥೆಯ ಅಗತ್ಯ ಮತ್ತು ಮಾರುಕಟ್ಟೆಯ ಅಗತ್ಯ ಎರಡೂ ಒಂದೇ ದಿಕ್ಕಿಗೆ ಎಳೆದವು.

ಎದುರಾಳಿಯೂ ಬದಲಾದ. ಮೊದಲ ಚಿತ್ರದ ಧಣಿ ದೇವೇಂದ್ರ ಮನೆಗೆ ಬಂದವರ ಕ್ಷೇಮ ವಿಚಾರಿಸುವ, ನಗುತ್ತಲೇ ಭೂಮಿ ನುಂಗುವ ಮನುಷ್ಯ. ಅಚ್ಯುತ್ ಕುಮಾರ್ ಅವನನ್ನು ಎಲ್ಲ ಊರಿನವರಿಗೂ ಪರಿಚಿತನೆನ್ನುವಂತೆ ಮಾಡಿದರು. ಕಿಶೋರ್ ಅಭಿನಯಿಸಿದ ಅರಣ್ಯ ಅಧಿಕಾರಿ ಮುರಳಿ ಖಳನೇ ಅಲ್ಲ, ಅವನ ಬಳಿ ಕಾನೂನಿದೆ, ಕಾನೂನಿಗೂ ಕಾರಣಗಳಿವೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಪಶ್ಚಿಮಘಟ್ಟದ ಅಂಚಿನ ಹಳ್ಳಿಗಳು ಕಂಡ ಜಗಳ ಅದು. ಕೊನೆಯ ಕೋಲದಲ್ಲಿ ದೈವ ಅಧಿಕಾರಿಯ ಕೈಯನ್ನೂ ಊರವರ ಕೈಗಳನ್ನೂ ಒಟ್ಟಿಗೆ ಹಿಡಿದು ಎದೆಗೊತ್ತಿಕೊಳ್ಳುವಾಗ ಆ ಜಗಳಕ್ಕೆ ಒಂದು ರಾಜಿ ಸಿಕ್ಕಂತಾಗುತ್ತದೆ. ಪ್ರೀಕ್ವೆಲ್‌ನಲ್ಲಿ ಗುಲ್ಶನ್ ದೇವಯ್ಯ ಅವರ ಕುಲಶೇಖರ ಅಮಲಿನ, ಕ್ರೌರ್ಯದ ಅರಸ. ಅವನನ್ನು ಅರ್ಥ ಮಾಡಿಕೊಳ್ಳುವ ಕಷ್ಟ ಯಾವ ಭಾಷೆಯವರಿಗೂ ಇಲ್ಲ. ಅದೇ ಅವನ ಅನುಕೂಲ, ಅದೇ ಅವನ ಮಿತಿ.

ಪ್ರೀಕ್ವೆಲ್ ಪರವಾದ ಮಾತು

ಪರ ವಹಿಸುವವರ ವಾದವನ್ನು ಬದಿಗಿಡುವಂತಿಲ್ಲ. ಮೊದಲ ಚಿತ್ರದ ದೊಡ್ಡ ದೌರ್ಬಲ್ಯ ಅದರ ಹೆಣ್ಣು ಪಾತ್ರ. ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡುವ ಲೀಲಾಳ ಇಕ್ಕಟ್ಟು ಬೆಳೆಯಬಹುದಿತ್ತು, ಬೆಳೆಯಲಿಲ್ಲ. ಶಿವ ಅವಳನ್ನು ಚಿವುಟಿ ಪ್ರೇಮ ತೋರಿಸುವ ದೃಶ್ಯಕ್ಕೆ ಆಗಲೇ ಟೀಕೆ ಬಂದಿತ್ತು. ಪ್ರೀಕ್ವೆಲ್‌ನಲ್ಲಿ ರುಕ್ಮಿಣಿ ವಸಂತ್ ಅವರ ಕನಕವತಿ ಕಥೆಯ ದಿಕ್ಕನ್ನೇ ತಿರುಗಿಸುತ್ತಾಳೆ. ಇದು ಹಣದಿಂದ ಬಂದ ಸುಧಾರಣೆಯಲ್ಲ, ಬರವಣಿಗೆಯಿಂದ ಬಂದದ್ದು.

ಇನ್ನೊಂದು ವಾದ ವ್ಯಾಪಾರದ್ದು: ದೊಡ್ಡ ಚಿತ್ರ ಇಲ್ಲದಿದ್ದರೆ ಕನ್ನಡದ ತಂತ್ರಜ್ಞರು ನೆರೆರಾಜ್ಯಗಳಿಗೇ ಹೋಗಬೇಕು, ಹೊರಗಿನ ಮಾರುಕಟ್ಟೆ ಕನ್ನಡವನ್ನು ಮತ್ತೆ ಮರೆಯುತ್ತದೆ ಎಂದು. ಇದೂ ಸುಳ್ಳಲ್ಲ. ಆದರೆ ಹೊರಗಿನವರು ಕನ್ನಡದ ಕಡೆ ತಿರುಗಿದ್ದಕ್ಕೆ ₹16 ಕೋಟಿಯ ಚಿತ್ರವೂ ಒಂದು ಕಾರಣ ಎಂಬುದನ್ನು ಈ ವಾದ ಸಲೀಸಾಗಿ ಮರೆಯುತ್ತದೆ. ರಿಷಬ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ತಂದದ್ದೂ ಅದೇ.

ಟಿಕೆಟ್ ದರದ ಜಗಳಕ್ಕೂ ಇಲ್ಲಿಂದ ನಂಟು

ಬಿಡುಗಡೆಗೆ ಮೂರು ವಾರ ಇರುವಾಗ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ ತೆರಿಗೆ ಹೊರತುಪಡಿಸಿ ₹200ರ ಮಿತಿ ಹೇರಿತು. ಮಲ್ಟಿಪ್ಲೆಕ್ಸ್‌ಗಳ ಸಂಘ ಹೈಕೋರ್ಟ್‌ಗೆ ಹೋಯಿತು. ಅರ್ಜಿದಾರರಲ್ಲಿ ಈ ಚಿತ್ರದ ನಿರ್ಮಾಣ ಸಂಸ್ಥೆ ಹೊಂಬಾಳೆ ಫಿಲ್ಮ್ಸ್ ಕೂಡ ಇತ್ತು. ಸೆಪ್ಟೆಂಬರ್ 23ರಂದು ಏಕಸದಸ್ಯ ಪೀಠ ಆದೇಶಕ್ಕೆ ತಡೆ ಕೊಟ್ಟಿತು. ಬಿಡುಗಡೆಗೆ ಎರಡು ದಿನ ಮುಂಚೆ ವಿಭಾಗೀಯ ಪೀಠ, ಸರ್ಕಾರ ಗೆದ್ದರೆ ಹೆಚ್ಚುವರಿ ಹಣವನ್ನು ಪ್ರೇಕ್ಷಕರಿಗೆ ಮರಳಿಸಲು ಆಗುವಂತೆ ಟಿಕೆಟ್ ಮಾರಾಟದ ಲೆಕ್ಕ ಇಡಬೇಕೆಂದು ಮಲ್ಟಿಪ್ಲೆಕ್ಸ್‌ಗಳಿಗೆ ಸೂಚಿಸಿತು.

ಕನ್ನಡ ನಿರ್ಮಾಪಕರೇ ಅಗ್ಗದ ಟಿಕೆಟ್ ವಿರೋಧಿಸುವುದೇಕೆ ಎಂದು ಹಲವರು ಹುಬ್ಬೇರಿಸಿದರು. ಲೆಕ್ಕ ಸರಳ. ಅಸಲಿಗೆ ಬೇಕಾದ ₹300 ಕೋಟಿ ಗ್ರಾಸ್ ಬರಲು, ಟಿಕೆಟ್ ₹236ರಂತೆ ಆದರೆ ಸುಮಾರು 1 ಕೋಟಿ 27 ಲಕ್ಷ ಜನ ಬರಬೇಕು. ₹400ರಂತೆ ಆದರೆ 75 ಲಕ್ಷ ಜನ ಸಾಕು. ಬಜೆಟ್ ಹಿಗ್ಗಿದಂತೆ ಪ್ರತಿ ಪ್ರೇಕ್ಷಕನಿಂದ ಬರಬೇಕಾದ ಹಣವೂ ಹಿಗ್ಗುತ್ತದೆ. ಸಣ್ಣ ಚಿತ್ರದವರ ಲೆಕ್ಕ ಬೇರೆ. ಟಿಕೆಟ್ ದುಬಾರಿಯಾದಷ್ಟೂ ಪ್ರೇಕ್ಷಕ ತಿಂಗಳಿಗೆ ಒಂದೇ ಚಿತ್ರ ನೋಡುತ್ತಾನೆ, ಆ ಒಂದು ದೊಡ್ಡದೇ ಆಗಿರುತ್ತದೆ. ಹೀಗಾಗಿ ಒಂದೇ ಗಾಂಧಿನಗರದಲ್ಲಿ ಎರಡು ಹಿತಾಸಕ್ತಿಗಳು ಎದುರುಬದುರಾಗಿವೆ.

ದೈವ ಊರು ಬಿಟ್ಟಾಗ

ಮೊದಲ ಚಿತ್ರ ಬಂದ ಒಂದು ತಿಂಗಳೊಳಗೇ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ ₹2,000 ಮಾಸಾಶನ ಪ್ರಕಟಿಸಿತು. ಎರಡನೆಯದು ಬಂದಾಗ, ಚಿತ್ರಮಂದಿರಗಳಲ್ಲೂ ಬೀದಿಯಲ್ಲೂ ದೈವದ ವೇಷ ಹಾಕಿ ಕುಣಿಯಬೇಡಿ ಎಂದು ಚಿತ್ರತಂಡವೇ ಪ್ರೇಕ್ಷಕರಲ್ಲಿ ಮನವಿ ಮಾಡಬೇಕಾಯಿತು. ಗೋವಾ ಚಿತ್ರೋತ್ಸವದ ವೇದಿಕೆಯಲ್ಲಿ ಹಿಂದಿ ನಟರೊಬ್ಬರು ದೈವದ ಅಬ್ಬರವನ್ನು ಅನುಕರಿಸಿ, ಆಮೇಲೆ ಕ್ಷಮೆ ಕೇಳಿದರು. ನಲಿಕೆ, ಪಂಬದ, ಪರವ ಸಮುದಾಯಗಳು ವ್ರತ ಹಿಡಿದು ನಡೆಸಿಕೊಂಡು ಬಂದ ಆರಾಧನೆ, ಅದರ ಕಟ್ಟುಕಟ್ಟಳೆಯ ಪರಿಚಯವಿಲ್ಲದ ಕೋಟ್ಯಂತರ ಜನರ ಮುಂದೆ ಹೋದಾಗ ಅವರಿಗೆ ಕಾಣುವುದು ಕೂಗು ಮತ್ತು ಬಣ್ಣ ಮಾತ್ರ. ದೊಡ್ಡ ಮಾರುಕಟ್ಟೆ ಬೇಕು ಎಂದಾದ ಮೇಲೆ ಈ ಅನುಕರಣೆಯನ್ನು ಮನವಿಯಿಂದ ತಡೆಯುವುದು ಕಷ್ಟ.

ಗಾಂಧಿನಗರ ಯಾವುದನ್ನು ನಕಲು ಮಾಡುತ್ತದೆ?

ಪ್ರೀಕ್ವೆಲ್ ಬಂದ ಅದೇ ವರ್ಷ, ಜುಲೈ 25ರಂದು, ಅದೇ ಕರಾವಳಿಯಿಂದ ‘ಸು ಫ್ರಮ್ ಸೋ’ ಬಂತು. ಜೆ.ಪಿ. ತುಮಿನಾಡು ನಿರ್ದೇಶನದ ಈ ಹಾಸ್ಯಚಿತ್ರದಲ್ಲಿ ದೊಡ್ಡ ತಾರೆ ಇಲ್ಲ, ಸೆಟ್ ಇಲ್ಲ, ಯುದ್ಧ ಇಲ್ಲ. ಕೆಲವೇ ಕೋಟಿಯಲ್ಲಿ ತಯಾರಾಗಿ ₹100 ಕೋಟಿ ದಾಟಿತು. ₹16 ಕೋಟಿಯ ‘ಕಾಂತಾರ’ ಒಂದು ಆಕಸ್ಮಿಕ ಎನ್ನುವವರಿಗೆ ಇದು ಉತ್ತರ.

ಆದರೂ ನಿರ್ಮಾಪಕರ ಕಣ್ಣು ₹850 ಕೋಟಿಯ ಮೇಲೇ ನೆಡುವ ಸಾಧ್ಯತೆ ಹೆಚ್ಚು. ಒಟಿಟಿ ಕಂಪನಿಗಳು ಸಣ್ಣ ಕನ್ನಡ ಚಿತ್ರಗಳನ್ನು ಕೊಳ್ಳಲು ಹಿಂದೇಟು ಹಾಕುತ್ತವೆ ಎಂಬುದು ಹಳೆಯ ದೂರು. ದೊಡ್ಡ ಚಿತ್ರಕ್ಕೆ ಆ ಬಾಗಿಲು ಮೊದಲೇ ತೆರೆದಿರುತ್ತದೆ. ಆದರೆ ಪ್ರೀಕ್ವೆಲ್‌ಗೆ ಮೂರು ವರ್ಷ ಕಾದಿದ್ದ ಪ್ರೇಕ್ಷಕರಿದ್ದರು, ಆ ಕಾಯುವಿಕೆಯನ್ನು ಮೊದಲ ಚಿತ್ರ ಸಂಪಾದಿಸಿಕೊಟ್ಟಿತ್ತು. ಹಿಂದೆ ಯಾವ ‘ಕಾಂತಾರ’ವೂ ಇಲ್ಲದೆ ನೇರವಾಗಿ ₹125 ಕೋಟಿ ಹಾಕುವವರ ಬಳಿ ಆ ಬಂಡವಾಳ ಇರುವುದಿಲ್ಲ. ₹16 ಕೋಟಿಯ ಚಿತ್ರ ಸೋತರೆ ಸಂಸ್ಥೆಗೆ ಗಾಯ. ₹125 ಕೋಟಿಯದು ಸೋತರೆ ಸಾಲ ಕೊಟ್ಟವರಿಂದ ಹಿಡಿದು ಮುಂಗಡ ಕೊಟ್ಟ ವಿತರಕರವರೆಗೆ ಎಲ್ಲರಿಗೂ ಗಾಯ.

ಕಥೆ ಮತ್ತೆ ಮುಂದುವರಿದರೆ ಇನ್ನೊಂದು ಕುತೂಹಲ ಇದೆ. ಶಿವ ಮಾಯವಾದದ್ದು 1990ರ ಊರಿನಲ್ಲಿ. ಅಲ್ಲಿ ಅರಮನೆಯಿಲ್ಲ, ರಥವಿಲ್ಲ, ಮೂರು ಸಾವಿರ ಜನರ ಸೈನ್ಯವಿಲ್ಲ. ಇರುವುದು ಕಂಬಳದ ಗದ್ದೆ, ಅರಣ್ಯ ಇಲಾಖೆಯ ಜೀಪು, ಗಡಿ ಗುರುತಿಸಲು ನೆಟ್ಟ ಕಲ್ಲುಗಳು. ಅಂಥ ಊರಿನಲ್ಲಿ ₹125 ಕೋಟಿಯನ್ನು ಎಲ್ಲಿ ಖರ್ಚು ಮಾಡುತ್ತಾರೆ ಎಂಬುದನ್ನು ಕಾದು ನೋಡಬೇಕು.